ಜೆನೆಟಿಕ್ಸ್ ಓದಿದವ್ರು ಸರ್ಕಾರದವ್ರ ಹತ್ರ ಹೋಗೋದು ಹೇಗೆ: ಮೈಸೂರು-ಮಂಡ್ಯ ಕಡೆಯಿಂದ ಒಂದು ಗೈಡು

ಮೊದಲನೇ ಸಲ ಒಬ್ರು ಎಂಎಲ್ಎ ಹತ್ರ ಹೋದಾಗ ನಾನು ಲ್ಯಾಪ್‌ಟಾಪ್ ಹೊತ್ಕೊಂಡು ಹೋಗಿದ್ದೆ, ಅದ್ರಲ್ಲಿ 32 ಸ್ಲೈಡು. ಮಂಡ್ಯ ಕಡೆ ಊರು, ಬೆಳಿಗ್ಗೆ ಏಳೂವರೆ, ಮನೆ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಚೇರು. ನನ್ನ ಈ ಕಡೆ ಕೂತಿದ್ದವ್ರು ತೋಟದ ಟಿಸಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಸುಟ್ಟೋಗಿ ಹದಿನೈದು ದಿನ ಆಯ್ತು ಅಂತ ಬಂದಿದ್ರು, ಆ ಕಡೆ ಕೂತಿದ್ದವ್ರ ಕೈಲಿ ಬಗರ್‌ಹುಕುಂ ಕಾಗದ. ನನ್ನ ಸರದಿ ಬಂದಾಗ ಸ್ಲೈಡ್ ಓಪನ್ ಮಾಡೋಕೂ ಟೈಮ್ ಇರ್ಲಿಲ್ಲ, ಬಾಯಲ್ಲೇ ಜೀನು, ಮ್ಯುಟೇಷನ್ನು, ಕ್ಯಾರಿಯರ್ ಅಂತ ಒಂದು ನಾಲ್ಕು ನಿಮಿಷ ಒದರಿದೆ. ಅವ್ರು ಪಾಪ ತಾಳ್ಮೆಯಿಂದ ಕೇಳಿ "ಎಲ್ಲಾ ಸರಿ ಕಣಮ್ಮ, ಈಗ ನಾನೇನ್ ಮಾಡ್ಬೇಕು ಹೇಳು" ಅಂದ್ರು. ನಂಗೆ ಉತ್ತರ ಇರ್ಲಿಲ್ಲ. "ಜಾಗೃತಿ ಮೂಡಿಸ್ಬೇಕು ಸಾರ್" ಅಂದೆ. "ಮೂಡ್ಸೋಣ ಬುಡಿ" ಅಂದು ಟಿಸಿಯವ್ರ ಕಡೆ ತಿರುಗಿದ್ರು.

ಟಿಸಿಯವ್ರ ಕೆಲಸ ಒಂದೇ ಫೋನ್‌ನಲ್ಲಿ ಆಯ್ತು. ಯಾಕಂದ್ರೆ ಅವ್ರಿಗೆ ಕರೆಂಟ್ ಆಫೀಸಲ್ಲಿ ಯಾವ ಇಂಜಿನಿಯರ್‌ಗೆ (ಎಇಇ) ಫೋನ್ ಮಾಡಿಸ್ಬೇಕು ಅಂತ ಗೊತ್ತಿತ್ತು, ನಂಬರ್ ಕೂಡ ಚೀಟೀಲಿ ಬರ್ಕೊಂಡು ಬಂದಿದ್ರು. ಎಂಎಸ್ಸಿ ಮಾಡಿದ ನನಗಿಂತ ಅವ್ರು ಚೆನ್ನಾಗಿ ತಯಾರಾಗಿದ್ರು. ಈ ಲೇಖನ ಆ ಚೀಟಿ ಬಗ್ಗೆನೇ ಅನ್ಕೊಳ್ಳಿ. ಜೆನೆಟಿಕ್ ಕೌನ್ಸೆಲರ್‌ಗಳು, ಲ್ಯಾಬ್‌ನವ್ರು, ಮಾನಸಗಂಗೋತ್ರೀಲಿ ಪಿಎಚ್‌ಡಿ ಮಾಡ್ತಿರೋ ಹುಡುಗ್ರು, ಮಕ್ಕಳ ಡಾಕ್ಟ್ರುಗಳು, ಯಾರು ಬೇಕಾದ್ರೂ ಓದ್ಬಹುದು.

ನಮ್ಮೂರಲ್ಲಿ ಜೆನೆಟಿಕ್ಸ್ ಹೊಸದಲ್ಲ. ಗಂಗೋತ್ರೀಲಿ ಡ್ರೊಸೊಫಿಲ ನೊಣ ಸಾಕ್ಕೊಂಡು ದಶಕಗಳಿಂದ ಕೆಲಸ ಮಾಡ್ತಾವ್ರೆ. 1980ರಿಂದ 89ರವರೆಗೆ ಬೆಂಗಳೂರು, ಮೈಸೂರಿನ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳ ಲೆಕ್ಕ ತಗೊಂಡು, ಅದ್ರಲ್ಲಿ ಹತ್ತತ್ರ ಮೂರನೇ ಒಂದು ಭಾಗ ರಕ್ತಸಂಬಂಧದೊಳಗಿನ ಮದುವೆ ಅಂತ ತೋರಿಸಿದ ಅಧ್ಯಯನ ಇದೆ, ಹೊರದೇಶದ ಜರ್ನಲ್‌ನಲ್ಲಿ ಬಂತು, ಪ್ರಪಂಚ ಎಲ್ಲಾ ಓದಿದ್ರು. ನಮ್ಮ ತಾಲ್ಲೂಕು ಆಸ್ಪತ್ರೆಯ ಯಾವ ಟೇಬಲ್ ಮೇಲೂ ನಾನು ಅದನ್ನ ನೋಡಿಲ್ಲ.

ಮೊದಲನೇ ಹೆಜ್ಜೆ: ಯಾರ ಸೈನು ಬೇಕು ಅಂತ ಕಂಡ್ಕೊಳ್ಳಿ

ಎಲ್ರೂ ಮಾಡೋ ತಪ್ಪು ಅಂದ್ರೆ ಸೀದಾ ಮಿನಿಸ್ಟ್ರಿಗೆ ಬರೆಯೋದು. ಮಿನಿಸ್ಟ್ರ ಆಫೀಸಿಂದ ಅದು ಕಮಿಷನರ್‌ಗೆ, ಅಲ್ಲಿಂದ ಆರೋಗ್ಯ ಸೌಧದಲ್ಲಿ ಒಬ್ರು ಡೆಪ್ಯುಟಿ ಡೈರೆಕ್ಟರ್‌ಗೆ, ಅಲ್ಲಿಂದ "ನಿಯಮಾನುಸಾರ ಕ್ರಮಕ್ಕಾಗಿ" ಅಂತ ಬರ್ಕೊಂಡು ನಿಮ್ಮ ಜಿಲ್ಲಾ ಆರೋಗ್ಯಾಧಿಕಾರಿಗೇ (ಡಿಎಚ್‌ಒ) ವಾಪಸ್ ಬರುತ್ತೆ, ಮೂರು ತಿಂಗಳು ಹೋಗಿರುತ್ತೆ. ನೀವು ಮೊದಲೇ ಡಿಎಚ್‌ಒ ಹತ್ರ ಹೋಗಿದ್ರೆ ಒಂದು ಕಾಫಿ ಕುಡಿಯೋ ಹೊತ್ತಲ್ಲಿ ಆಗ್ತಿತ್ತು.

ಮೋಟಾಗಿ ಲೆಕ್ಕ ಹೀಗಿದೆ. ತಾಲ್ಲೂಕು ಆಸ್ಪತ್ರೆ ಒಳಗಿನ ರೂಮು, ಕುರ್ಚಿ, ಸಣ್ಣಪುಟ್ಟ ರಿಪೇರಿ ಇಂಥದ್ದಕ್ಕೆ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತೆ, ಸ್ಥಳೀಯ ಎಂಎಲ್ಎ ಅದರ ಅಧ್ಯಕ್ಷರು, ಕೈಯಲ್ಲಿ ಒಂಚೂರು ದುಡ್ಡೂ ಇರುತ್ತೆ. ಮಕ್ಕಳ ತಪಾಸಣೆ ಆದ್ರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ), 2013ರಲ್ಲಿ ಶುರುವಾದ ಕಾರ್ಯಕ್ರಮ, ಹುಟ್ಟಿನಿಂದ ಬರೋ ನ್ಯೂನತೆಗಳು ಅದರ ಪಟ್ಟೀಲೇ ಇವೆ, ಡೌನ್ ಸಿಂಡ್ರೋಮು, ಹುಟ್ಟು ಕಿವುಡು, ಹೃದಯದ ತೊಂದರೆ ಎಲ್ಲಾ ಸೇರಿ. ಜಿಲ್ಲೆಯಲ್ಲಿ ಅದನ್ನ ನೋಡ್ಕೊಳ್ಳೋರು ಯಾರು ಅಂತ ಡಿಎಚ್‌ಒ ಆಫೀಸಲ್ಲಿ ಕೇಳಿದ್ರೆ ಹೇಳ್ತಾರೆ. ಹಾಡಿ ಜನರ, ಅಂದ್ರೆ ಆದಿವಾಸಿಗಳ ವಿಷಯ ಆದ್ರೆ ಆರೋಗ್ಯ ಇಲಾಖೆ ಜೊತೆ ಐಟಿಡಿಪಿ (ಗಿರಿಜನ ಅಭಿವೃದ್ಧಿ ಯೋಜನೆ) ಅಧಿಕಾರೀನೂ ಬೇಕು, ಅವ್ರನ್ನ ಬಿಟ್ಟು ಮಾಡಿದ್ರೆ ಅರ್ಧ ಕೆಲಸ. ಅಪರೂಪದ ಕಾಯಿಲೆ ಚಿಕಿತ್ಸೆ ದುಡ್ಡು ಆದ್ರೆ 2021ರ ರಾಷ್ಟ್ರೀಯ ನೀತಿ ಇದೆ, 2022ರಿಂದ ಒಬ್ಬ ರೋಗಿಗೆ 50 ಲಕ್ಷದವರೆಗೆ, ಆದ್ರೆ ಅದು ಸೆಂಟರ್ ಆಫ್ ಎಕ್ಸಲೆನ್ಸ್ ಮೂಲಕಾನೇ ಆಗ್ಬೇಕು, ನಮ್ಮ ರಾಜ್ಯಕ್ಕೆ ಅದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೋಡಿ. ಇದಕ್ಕೆ ಮಂಡ್ಯ ಡಿಸಿ ಹತ್ರ ಹೋಗಿ ಅತ್ತರೆ ಅವ್ರು ಏನ್ ಮಾಡೋಕಾಗುತ್ತೆ?

ಅದೇ ನೀತೀಲಿ ಇನ್ನೊಂದು ಮಾತಿದೆ, ಬಹಳ ಜನ ಓದಿಲ್ಲ. ವಿಶೇಷ ಆಹಾರ, ಹಾರ್ಮೋನು ಇಂಥ ಕಡಿಮೆ ಖರ್ಚಿನ ದಾರೀಲಿ ಸಂಭಾಳಿಸಬಹುದಾದ ಕಾಯಿಲೆಗಳಿಗೆ ರಾಜ್ಯ ಸರ್ಕಾರಗಳು ನೆರವು ಕೊಡೋದನ್ನ ಪರಿಗಣಿಸಬಹುದು ಅಂತ. ಬೆಂಗಳೂರು ಮಟ್ಟಕ್ಕೆ ಹೋಗೋರು ಈ ಸಾಲು ಹಿಡ್ಕೊಂಡು ಹೋಗಿ. ಆಗ ನೀವು ಹೊಸದೇನೂ ಕೇಳ್ತಿಲ್ಲ, ಆಗ್ಲೇ ಬರೆದಿಟ್ಟಿದ್ದನ್ನ ನೆನಪಿಸ್ತಿದೀರ. ಅಧಿಕಾರಿಗಳಿಗೆ ಆ ಎರಡಕ್ಕೂ ಅಜಗಜಾಂತರ.

ಎರಡನೇ ಹೆಜ್ಜೆ: ಸಣ್ಣದು ಕೇಳಿ

ಉದಾಹರಣೆ ಸಮೇತ ಹೇಳ್ತೀನಿ. ಎಚ್.ಡಿ. ಕೋಟೆ, ಹುಣಸೂರು ಕಡೆ ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳಿವೆ. 2023ರ ಜುಲೈ 1ಕ್ಕೆ ಕೇಂದ್ರದ ಸಿಕಲ್ ಸೆಲ್ (ಅಪ್ಪ-ಅಮ್ಮನಿಂದ ಮಕ್ಕಳಿಗೆ ಬರೋ ಒಂದು ರಕ್ತದ ಕಾಯಿಲೆ) ನಿರ್ಮೂಲನಾ ಮಿಷನ್ ಶುರುವಾಯ್ತು, 2047ರ ಹೊತ್ತಿಗೆ ನಿರ್ಮೂಲನೆ ಅನ್ನೋ ಗುರಿ, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 17 ರಾಜ್ಯದಲ್ಲಿ ನಮ್ಮದೂ ಒಂದು. ರಕ್ತ ತಗೋತಾರೆ, ಮೊದಲು ಸಾಲ್ಯುಬಿಲಿಟಿ ಟೆಸ್ಟು, ಪಾಸಿಟಿವ್ ಬಂದ್ರೆ ಎಚ್‌ಪಿಎಲ್‌ಸಿ ಥರದ್ದು ಲ್ಯಾಬ್ ಟೆಸ್ಟ್ ಮಾಡಿ ಖಾತ್ರಿ, ಆಮೇಲೆ ಕಾರ್ಡು. ಕಾರ್ಡು ಕೈಗೆ ಬಂದ ಹುಡುಗಿಗೆ "ನೀನು ಕ್ಯಾರಿಯರ್ ಅಷ್ಟೇ, ನಿಂಗೇನೂ ಕಾಯಿಲೆ ಇಲ್ಲ, ಮದುವೆ ಆಗೋ ಹುಡುಗನದ್ದೂ ಒಂದ್ಸಲ ಚೆಕ್ ಮಾಡಿಸು" ಅಂತ ಕೂರಿಸ್ಕೊಂಡು ಹೇಳೋರು ಬೇಕಲ್ಲ. ಅದು ನಮ್ಮ ಕೆಲಸ.

ನಾನು ಕೆಲಸ ಮಾಡ್ತಿದ್ದ ಒಂದು ತಾಲ್ಲೂಕು ಆಸ್ಪತ್ರೇಲಿ ಆ ಮಾತು ಎಲ್ಲಿ ನಡೀತಿತ್ತು ಗೊತ್ತಾ, ಔಷಧಿ ಕೌಂಟರ್ ಪಕ್ಕದ ಬೆಂಚ್ ಮೇಲೆ. ಒಂದಿನ ಐಸಿಟಿಸಿ (ಎಚ್‌ಐವಿ ಟೆಸ್ಟು, ಸಮಾಲೋಚನೆ ಮಾಡೋ) ರೂಮು ಖಾಲಿ ಇತ್ತು ಅಂತ ಅಲ್ಲಿ ಕೂರಿಸಿದ್ವಿ, ಆ ಹುಡುಗಿ ತಾಯಿ ಬೋರ್ಡ್ ನೋಡಿ ಒಳಗೇ ಬರ್ಲಿಲ್ಲ. ಆಪ್ತ ಸಮಾಲೋಚನೆ ಅಂದ್ರೆ ಎಚ್‌ಐವಿ ಅಂತಾನೇ ನಮ್ಮ ಕಡೆ ಜನಕ್ಕೆ ಕೂತ್ಬಿಟ್ಟಿದೆ, ಆ ರೂಮಿಗೆ ಹೋಗಿದ್ದು ಯಾರಾದ್ರೂ ನೋಡಿದ್ರೆ ಸಂಜೆ ಹೊತ್ತಿಗೆ ಹಾಡಿಗೆಲ್ಲಾ ಸುದ್ದಿ.

ಸೋ ನಾವು ಕೇಳಿದ್ದು ಜೆನೆಟಿಕ್ಸ್ ಸೆಂಟರ್ ಅಲ್ಲ. ಬಾಗಿಲು ಇರೋ ಒಂದು ರೂಮು, ತಿಂಗಳಿಗೆ ಎರಡು ದಿನ. ಇದಕ್ಕೆ ಬೆಂಗಳೂರಿಗೆ ಫೈಲ್ ಹೋಗ್ಬೇಕಾಗಿಲ್ಲ, ಹೊಸ ಹುದ್ದೆ ಬೇಡ, ಹಣಕಾಸು ಇಲಾಖೆ ಒಪ್ಪಿಗೆ ಬೇಡ. ಹಣಕಾಸು ಇಲಾಖೆಗೆ ಹೋಗ್ದೇ ಆಗೋ ಕೆಲಸ ಅಂದ್ರೆ ಅಧಿಕಾರಿ ಮುಖದಲ್ಲೇ ಒಂಥರಾ ನಿರಾಳ ಕಾಣುತ್ತೆ, ನೀವೇ ನೋಡಿ.

ಮೂರನೇ ಹೆಜ್ಜೆ: ಒಂದು ಪುಟ, ಕನ್ನಡದಲ್ಲಿ

ಒಂದೇ ಪುಟ. ಹಿಂದುಗಡೆ ಪ್ರಿಂಟ್ ಮಾಡ್ಬೇಡಿ, ಯಾರೂ ತಿರುಗಿಸಲ್ಲ. ಮೇಲೆ ವಿಷಯ ಅಂತ ಒಂದು ಸಾಲು, ಅದು ಆಫೀಸ್ ಕನ್ನಡದಲ್ಲೇ ಇರ್ಲಿ, ಯಾಕಂದ್ರೆ ಕೇಸ್ ವರ್ಕರ್ ಅದನ್ನೇ ಟಿಪ್ಪಣಿಗೆ ಎತ್ಕೋತಾರೆ. ನಮ್ಮದು ಹೀಗಿತ್ತು: "ತಾಲ್ಲೂಕು ಆಸ್ಪತ್ರೆಯಲ್ಲಿ ಸಿಕಲ್ ಸೆಲ್ ಆಪ್ತ ಸಮಾಲೋಚನೆಗಾಗಿ ತಿಂಗಳಿಗೆ ಎರಡು ದಿನ ಪ್ರತ್ಯೇಕ ಕೊಠಡಿ ಒದಗಿಸುವ ಕುರಿತು." ಕೆಳಗೆ ಮೂರು ಪ್ಯಾರಾ. ಈಗ ಏನಾಗ್ತಿದೆ, ಏನು ಬೇಕು, ಯಾವ ಆದೇಶ ಅಥವಾ ಕಾರ್ಯಕ್ರಮದ ಅಡಿ ಇದು ಬರುತ್ತೆ. ಕೊನೇಲಿ ಫೋನ್ ನಂಬರ್. ಲೆಟರ್‌ಹೆಡ್ ಇದ್ರೆ ಒಳ್ಳೇದು, ಸೀಲ್ ಇದ್ರೆ ಇನ್ನೂ ಒಳ್ಳೇದು, ಸೀಲಿಗೆ ನಮ್ಮ ದೇಶದಲ್ಲಿರೋ ಮರ್ಯಾದೆ ಡಾಕ್ಟರೇಟಿಗೂ ಇಲ್ಲ.

ಪದಗಳ ವಿಷಯದಲ್ಲಿ ಸ್ವಲ್ಪ ಹುಷಾರು. ವಂಶವಾಹಿ, ಗುಣಾಣು, ವರ್ಣತಂತು ಅಂತೆಲ್ಲಾ ಪಠ್ಯಪುಸ್ತಕದಿಂದ ಎತ್ಕೊಂಡು ಬರ್ದ್ರೆ ಓದೋರು ಅಲ್ಲೇ ನಿಲ್ತಾರೆ. ಕ್ಯಾರಿಯರ್‌ಗೆ ವಾಹಕ ಅಂತ ಬರ್ದಿದ್ದೆ ಒಂದ್ಸಲ, ಆಫೀಸಲ್ಲಿ ಒಬ್ರು "ಇದು ಆಂಬುಲೆನ್ಸ್ ವಿಷಯನಾ ಮೇಡಂ" ಅಂತ ಕೇಳಿದ್ರು. ಈಗ "ಕಾಯಿಲೆ ಇಲ್ಲದಿದ್ರೂ ಮಕ್ಕಳಿಗೆ ದಾಟಿಸಬಹುದಾದವರು" ಅಂತ ಉದ್ದಕ್ಕೆ ಬರೀತೀನಿ, ಉದ್ದ ಆದ್ರೂ ಅರ್ಥ ಆಗುತ್ತೆ. ಸಿಕಲ್ ಸೆಲ್ ಅಂದ್ರೆ ಕುಡ್ಲಿನ ಆಕಾರಕ್ಕೆ ಬಾಗಿದ ರಕ್ತಕಣ ಅಂದ್ರೆ ಸಾಕು, ಮಂಡ್ಯದಲ್ಲಿ ಕುಡ್ಲು ನೋಡ್ದೇ ಇರೋ ರಾಜಕಾರಣಿ ಇದ್ರೆ ನಂಗೂ ತೋರ್ಸಿ.

ಶೇಕಡಾ 25 ಅನ್ನೋದನ್ನ ಹೇಳೋಕೆ ನಾನು ರೂಪಾಯಿ ಲೆಕ್ಕ ಹಿಡಿದೆ. ಇಬ್ರೂ ಕ್ಯಾರಿಯರ್ ಆದ್ರೆ ಪ್ರತಿ ಬಸುರಿಗೂ ರೂಪಾಯಿಗೆ ನಾಲ್ಕಾಣೆ ಅಷ್ಟು ಅಪಾಯ. ವಯಸ್ಸಾದ ಸದಸ್ಯರಿಗಂತೂ ಇದು ತಟ್ಟಂತ ಹಿಡಿಸುತ್ತೆ. ಆದ್ರೆ ಇಲ್ಲೊಂದು ಗುಂಡಿ ಇದೆ. "ಹಂಗಾದ್ರೆ ನಾಲ್ಕರಲ್ಲಿ ಒಂದು, ಮೊದ್ಲುದ್ದಕ್ಕೆ ಬಂದಾಯ್ತು, ಉಳಿದ ಮೂರಕ್ಕೆ ಭಯ ಇಲ್ಲ ಅಲ್ವಾ" ಅಂತ ಕೇಳೇ ಕೇಳ್ತಾರೆ. ಇಲ್ಲ, ಪ್ರತಿ ಸಲಾನೂ ಹೊಸ ಲೆಕ್ಕ, ಹಳೇ ಬಾಕಿ ಹಿಡಿಯಲ್ಲ ಅಂತ ಆಗ್ಲೇ ಹೇಳ್ಬಿಡಿ. ಇಲ್ಲಾಂದ್ರೆ ಅವ್ರು ಅದನ್ನೇ ಮೈಕ್‌ನಲ್ಲಿ ಹೇಳಿ ಊರಿಗೆಲ್ಲಾ ತಪ್ಪು ಹಬ್ಬುತ್ತೆ, ಆಮೇಲೆ ಅದನ್ನ ಅಳಿಸೋಕೆ ನಿಮ್ಮಪ್ಪನಾಣೆ ಆಗಲ್ಲ.

ನಾಲ್ಕನೇ ಹೆಜ್ಜೆ: ಹೊತ್ತು ನೋಡ್ಕೊಂಡು ಹೋಗಿ

ರಾಜ್ಯ ಬಜೆಟ್ ಮಾಮೂಲಾಗಿ ಫೆಬ್ರವರಿ-ಮಾರ್ಚ್‌ನಲ್ಲಿ. ಫೆಬ್ರವರೀಲಿ ಮನವಿ ಕೊಟ್ರೆ ಅದು ಫೋಟೋಗೆ ಮಾತ್ರ, ಇಲಾಖೆಯೊಳಗೆ ಪಟ್ಟಿ ತಯಾರಾಗೋದು ಅದಕ್ಕಿಂತ ಎರಡು ಮೂರು ತಿಂಗಳು ಮುಂಚೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ದುಡ್ಡಿಗೆ ಪಿಐಪಿ ಅನ್ನೋ ಕಾರ್ಯಯೋಜನೆ ಅಂತ ಬೇರೆ ದಾರಿ, ಅದು ಈಗ ಎರಡು ವರ್ಷಕ್ಕೊಂದು, 2022-24, 2024-26 ಹಿಂಗೆ, ಜಿಲ್ಲೆಯಿಂದ ಪ್ರಸ್ತಾವನೆ ಹೋಗೋ ಟೈಮ್ ಯಾವಾಗ ಅಂತ ಜಿಲ್ಲಾ ಕಾರ್ಯಕ್ರಮ ಘಟಕದಲ್ಲಿ ಕೇಳ್ಕೊಳ್ಳಿ. ಅಲ್ಲಿ ಕೂತಿರೋ ಅಕೌಂಟ್ಸ್‌ನವ್ರು ನಿಮ್ಮ ಜೀವನದಲ್ಲಿ ಸಿಗೋ ಅತ್ಯಂತ ಮುಖ್ಯ ವ್ಯಕ್ತಿ, ನಗ್ಬೇಡಿ.

ಕೆಡಿಪಿ ಸಭೆ (ಜಿಲ್ಲೆಯ ಪ್ರಗತಿ ಪರಿಶೀಲನೆ) ಮೂರು ತಿಂಗಳಿಗೊಮ್ಮೆ, ಉಸ್ತುವಾರಿ ಸಚಿವರು ಅಧ್ಯಕ್ಷರು. ಅದಕ್ಕೆ ಒಂದು ವಾರ ಮುಂಚೆ ಡಿಎಚ್‌ಒಗೆ ನಿಮ್ಮ ಒಂದು ಪುಟ ಕೊಟ್ರೆ ಅವ್ರ ವರದೀಲಿ ಒಂದು ಸಾಲಾಗಿ ಸೇರ್ಕೊಳ್ಳುತ್ತೆ, ಸಭೆ ನಡಾವಳೀಲಿ ಬಂದ್ರೆ ಮುಂದಿನ ಸಭೇಲಿ ಅವ್ರು ಉತ್ತರ ಕೊಡ್ಲೇಬೇಕು. ಅಧಿವೇಶನ ಬರ್ತಿದ್ರೆ ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲಿ ಸಚಿವರು ಬಾಯಲ್ಲೇ ಉತ್ತರಿಸೋ ಪ್ರಶ್ನೆ) ಕೇಳಿಸಬಹುದು. ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರದವ್ರನ್ನ ಮರೀಬೇಡಿ, ನಮ್ಮ ಎರಡೂ ಜಿಲ್ಲೆ ದಕ್ಷಿಣ ಕ್ಷೇತ್ರಕ್ಕೆ ಸೇರುತ್ತೆ, ಅವ್ರ ಮನೆ ಮುಂದೆ ಟಿಸಿ ಕ್ಯೂ ಕಮ್ಮಿ, ಓದಿದವ್ರ ಮಾತು ಕೇಳೋ ವ್ಯವಧಾನ ಜಾಸ್ತಿ. ಪ್ರಶ್ನೆ ಅವ್ರಿಗೆ ನೀವೇ ಬರ್ದು ಕೊಡಿ, ಉತ್ತರ ಅಂಕಿಯಲ್ಲೇ ಬರೋ ಹಂಗೆ ಬರೀರಿ. ಎಷ್ಟು ಜನರಿಗೆ ಪಾಸಿಟಿವ್ ಬಂತು, ಎಷ್ಟು ಜನರಿಗೆ ಖಾತ್ರಿ ಟೆಸ್ಟ್ ಆಯ್ತು, ಎಷ್ಟು ದಿನದಲ್ಲಿ ರಿಪೋರ್ಟ್ ಕೊಟ್ಟಿದೀರ. "ಸರ್ಕಾರದ ನಿಲುವೇನು" ಅಂತ ಕೇಳಿದ್ರೆ ನಿಲುವೇ ಬರುತ್ತೆ, ಇನ್ನೇನೂ ಬರಲ್ಲ.

ದಸರಾ ಹಿಂದುಮುಂದಿನ ಒಂದು ತಿಂಗಳು ಮೈಸೂರಲ್ಲಿ ಯಾವ ಅಧಿಕಾರೀನೂ ಕೇಳ್ಬೇಡಿ. ಕನ್ನಂಬಾಡಿ ಕಟ್ಟೆ ನೀರಿನ ಗಲಾಟೆ ಇದ್ದಾಗ ಮಂಡ್ಯಕ್ಕೆ ಹೋಗ್ಬೇಡಿ. ನೀತಿಸಂಹಿತೆ ಬಂದ್ರೆ ಮನೇಲಿರಿ.

ಐದನೇದು: ಪರ್ಸನಲ್ ಕಥೆ ಹೇಳೋವಾಗ

ಮನೆಯವ್ರನ್ನ ಕರ್ಕೊಂಡು ಹೋದ್ರೆ ಕೆಲಸ ಆಗುತ್ತೆ, ನಿಜ. ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರೋ ಮಗನ ತಾಯಿ "ಇಂಜೆಕ್ಷನ್ ಸ್ಟಾಕ್ ಇಲ್ಲ ಅಂದ್ರೆ ಬಸ್ಸಲ್ಲಿ ಮಗೂನ ಎತ್ಕೊಂಡು ಇನ್ನೊಂದು ಊರಿಗೆ ಹೋಗ್ತೀನಿ ಸಾ" ಅಂದಿದ್ದು ನನ್ನ ಹತ್ತು ಸ್ಲೈಡಿಗಿಂತ ಮೇಲು. ಆದ್ರೆ ಮೊದ್ಲೇ ಕೂತು ಕೇಳಿ, ಬರ್ತೀರಾ, ಹೆಸರು ಹೇಳ್ಬಹುದಾ, ಫೋಟೋ ತೆಗೆದ್ರೆ ಪರವಾಗಿಲ್ವಾ ಅಂತ. ನಲವತ್ತು ಮನೆ ಹಾಡೀಲಿ "ಹೆಸರು ಬದಲಾಯಿಸಲಾಗಿದೆ" ಅಂದ್ರೆ ಯಾರೂ ಮೋಸ ಹೋಗಲ್ಲ, ತಾಲ್ಲೂಕು, ವಯಸ್ಸು, ಮಕ್ಕಳ ಸಂಖ್ಯೆ ಹೇಳಿದ್ರೆ ಮುಗೀತು. ಜೊತೆಗೆ ಜೆನೆಟಿಕ್ ವಿಷಯ ಒಬ್ರದ್ದಲ್ಲ, ಅಕ್ಕ ಕ್ಯಾರಿಯರ್ ಅಂತ ಗೊತ್ತಾದ್ರೆ ತಂಗಿ ಮದುವೆ ಮಾತುಕತೆ ನಿಲ್ಲುತ್ತೆ. ನಮ್ಮ ಮನವಿಗೋಸ್ಕರ ಯಾರ ಮದುವೇನೂ ನಿಲ್ಲಬಾರದು.

ಎಂಎಲ್ಎ ಕಡೆಯವ್ರು ಸೆಲ್ಫೀ ತೆಗೆಯೋಕೆ ಬಂದ್ರೆ ನೀವು ಮುಂದೆ ನಿಂತ್ಕೊಳ್ಳಿ, ಮಗು ಹಿಂದೆ ಇರ್ಲಿ.

ಆರು: ಎರಡು ವಿಷಯ ಬೆಂಕಿ ಥರ, ಮುಟ್ಟೋ ಮುಂಚೆ ಯೋಚ್ನೆ ಮಾಡಿ

ಒಂದು ಸಂಬಂಧದಲ್ಲಿ ಮದುವೆ. ಅಧಿಕಾರಿಗಳು ಉತ್ಸಾಹದಲ್ಲಿ "ಬ್ಯಾನ್ ಮಾಡ್ಬಿಡೋಣ ಮೇಡಂ" ಅಂತಾರೆ. ಬೇಡ. 1955ರ ಹಿಂದೂ ವಿವಾಹ ಕಾಯ್ದೆಯೇ ರೂಢಿ ಇದ್ರೆ ಬಿಟ್ಟುಕೊಟ್ಟಿದೆ, ಸೋದರಮಾವನಿಗೆ ಕೊಡೋದು ನಮ್ಮ ಕಡೆ ತಲೆತಲಾಂತರದ ರೂಢಿ, ನಿಮ್ಮೆದುರು ಕೂತಿರೋ ಅಧಿಕಾರೀನೇ ಅಕ್ಕನ ಮಗಳನ್ನ ಮದುವೆ ಆಗಿರ್ಬಹುದು. ಅಂಕಿ ನೇರವಾಗಿ ಹೇಳಿ. ಯಾವ ದಂಪತಿಗಾದ್ರೂ 100 ಮಕ್ಕಳಲ್ಲಿ 2-3 ಮಕ್ಕಳಿಗೆ ಹುಟ್ಟಿನಿಂದ ಗಂಭೀರ ತೊಂದರೆ ಇರೋ ಸಾಧ್ಯತೆ ಇದ್ದೇ ಇದೆ, ಅತ್ತೆ ಮಗಳು ಮಾವನ ಮಗ ಆದ್ರೆ ಅದಕ್ಕೆ ಇನ್ನೊಂದು 2-3 ಸೇರುತ್ತೆ, ಸೋದರಮಾವ ಆದ್ರೆ ಇನ್ನೂ ಜಾಸ್ತಿ. ಅಂದ್ರೆ ಬಹುಪಾಲು ಮಕ್ಕಳು ಚೆನ್ನಾಗೇ ಇರ್ತಾರೆ. ಇದನ್ನ ಹೇಳಿದ್ರೆ ಜನ ನಿಮ್ಮನ್ನ ನಂಬ್ತಾರೆ, ಆಮೇಲೆ ಮದುವೆಗೆ ಮುಂಚೆ ಒಂದು ರಕ್ತ ಪರೀಕ್ಷೆ ಅಂತ ಕೇಳ್ಬಹುದು. ಹೆದರಿಸಿದ್ರೆ ನಿಮ್ಮ ಹತ್ರಾನೇ ಬರಲ್ಲ, ಅಷ್ಟೇ.

ಇನ್ನೊಂದು ಸ್ಕ್ಯಾನಿಂಗ್. 2023ರ ಕೊನೇಲಿ ಮಂಡ್ಯದ ಆಲೆಮನೇಲಿ ಸ್ಕ್ಯಾನ್ ಮಿಷಿನ್ ಇಟ್ಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ಕಿಬಿತ್ತಲ್ಲ, ಬೆಲ್ಲ ಕಾಯಿಸೋ ಜಾಗ ಅದು, ಯಾರಾದ್ರೂ ಊಹೆ ಮಾಡಿದ್ರಾ. ಅದಾದ ಮೇಲೆ ಹೊಟ್ಟೇಲಿರೋ ಮಗು, ಟೆಸ್ಟು ಅನ್ನೋ ಎರಡು ಪದ ಒಂದೇ ಸಾಲಲ್ಲಿ ಬಂದ್ರೆ ಅಧಿಕಾರಿಗಳು ಬೆಚ್ಚಿ ಬೀಳ್ತಾರೆ, ಬೀಳ್ಬೇಕಾದ್ದೇ. ಅದಕ್ಕೆ ಥಲಸೇಮಿಯಾ ಥರದ ರಕ್ತದ ಕಾಯಿಲೆಗಳ ಪ್ರಸವಪೂರ್ವ ಪರೀಕ್ಷೆ ಬಗ್ಗೆ ಮನವಿ ಕೊಡೋದಾದ್ರೆ ಎರಡನೇ ಪ್ಯಾರಾದಲ್ಲೇ ಬರೀರಿ, ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆಯೋ) ಕಾಯ್ದೆ ಸೆಕ್ಷನ್ 4ರಲ್ಲಿ ಹಿಮೋಗ್ಲೋಬಿನ್ ಕಾಯಿಲೆ, ಕ್ರೋಮೋಸೋಮ್ ದೋಷ ಇವಕ್ಕೆ ಅವಕಾಶ ಇದೆ, ನೋಂದಣಿ ಆಗಿರೋ ಕಡೆ ಮಾತ್ರ ಮಾಡ್ತೀವಿ, ಲಿಂಗ ಹೇಳಲ್ಲ ಅಂತ.

ಇದೇ ಕಾಯ್ದೇಲಿ ನಮ್ಮ ಜನ ಗಮನಿಸದೇ ಇರೋ ಒಂದು ಕುರ್ಚಿ ಇದೆ. ಕಾಯ್ದೆ ಜಾರಿ ನೋಡ್ಕೊಳ್ಳೋ ಸಕ್ಷಮ ಪ್ರಾಧಿಕಾರಕ್ಕೆ ಸಲಹಾ ಸಮಿತಿ ಅಂತ ಇರ್ಬೇಕು, ಅದ್ರಲ್ಲಿ ಮೂವರು ವೈದ್ಯಕೀಯ ತಜ್ಞರು, ಅವ್ರನ್ನ ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಮೆಡಿಕಲ್ ಜೆನೆಟಿಸಿಸ್ಟ್‌ಗಳು ಇವ್ರೊಳಗಿಂದ ತಗೋಬೇಕು ಅಂತ ಬರ್ದಿದೆ. ಒಬ್ರು ಕಾನೂನು ತಜ್ಞರು, ವಾರ್ತಾ ಇಲಾಖೆಯವ್ರೊಬ್ರು, ಮೂವರು ಸಮಾಜ ಸೇವಕರು ಜೊತೆಗೆ. ಎರಡು ಸಭೆ ಮಧ್ಯೆ 60 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಮನವಿ ಕೊಡೋಕೆ ಹೊರಗೆ ಕಾಯೋದಕ್ಕಿಂತ ಒಳಗೆ ಕೂರೋಕೆ ಕಾನೂನೇ ಜಾಗ ಕೊಟ್ಟಿರೋವಾಗ, ಎಂಡಿ ಡಿಎಂ ಮಾಡಿರೋ ಜೆನೆಟಿಸಿಸ್ಟ್‌ಗಳು ನಿಮ್ಮ ಬಯೋಡೇಟಾನ ಡಿಸಿ ಆಫೀಸಿಗೂ ಡಿಎಚ್‌ಒಗೂ ಒಂದೊಂದು ಕಾಪಿ ಕೊಟ್ಟು ಬನ್ನಿ. ಯಾರೂ ಹುಡ್ಕೊಂಡು ಬರಲ್ಲ.

ನೀವು ಸರ್ಕಾರಿ ನೌಕರರಾಗಿದ್ರೆ 2021ರ ನಡತೆ ನಿಯಮಗಳನ್ನ ಒಂದ್ಸಲ ಓದ್ಕೊಳ್ಳಿ, ಪೇಪರಿಗೆ ಬರೆಯೋ ಮುಂಚೆ ಮೇಲಿನವ್ರ ಅನುಮತಿ ತಗೊಳ್ಳಿ, ಅಸೋಸಿಯೇಷನ್ ಹೆಸರಲ್ಲಿ ಹೋದ್ರೆ ಇನ್ನೂ ಸುಲಭ. ಪ್ರೈವೇಟ್ ಲ್ಯಾಬ್‌ನವ್ರಾದ್ರೆ ಮೊದಲನೇ ನಿಮಿಷದಲ್ಲೇ ಹೇಳಿ, "ನಾವು ಈ ಟೆಸ್ಟ್ ಮಾರ್ತೀವಿ ಸಾರ್, ಆದ್ರೆ ಈಗ ಬಂದಿರೋದು ಅದಕ್ಕಲ್ಲ" ಅಂತ. ಆಮೇಲೆ ಅವ್ರೇ ಕಂಡ್ಕೊಂಡ್ರೆ ನಿಮ್ಮ ಮಾತ್ರ ಅಲ್ಲ, ನಮ್ಮೆಲ್ಲರ ಮುಖಕ್ಕೂ ಬಾಗಿಲು ಹಾಕ್ತಾರೆ.

ಕೊನೇದು: ಬೆನ್ನು ಬಿಡ್ಬೇಡಿ

ಮನವಿ ಕೊಟ್ಟ ದಿನಾನೇ ಟಪಾಲ್ ಸೆಕ್ಷನ್‌ಗೆ ಹೋಗಿ ನಿಮ್ಮ ಕಾಪಿ ಮೇಲೆ ಸೀಲ್, ದಿನಾಂಕ, ನಂಬರ್ ಹಾಕಿಸ್ಕೊಳ್ಳಿ. ಸಾಹೇಬ್ರು ಕೈಗೇ ಕೊಟ್ಟೆ ಅನ್ನೋದು ಲೆಕ್ಕಕ್ಕಿಲ್ಲ, ಸಾಹೇಬ್ರು ಟ್ರಾನ್ಸ್‌ಫರ್ ಆಗೋಗ್ತಾರೆ. ಹದಿನೈದು ದಿನ ಬಿಟ್ಟು ಫೋನ್ ಮಾಡಿ "ಫೈಲ್ ಯಾರ ಹತ್ರ ಇದೆ" ಅಂತ ಕೇಳಿ, "ಏನಾಯ್ತು" ಅಂತಲ್ಲ. ಕೇಸ್ ವರ್ಕರ್‌ಗೆ ಮರ್ಯಾದೆ ಕೊಡಿ, ಟಿಪ್ಪಣಿ ಬರೆಯೋರು ಅವ್ರೇ, ಮೇಲಿನವ್ರು ಸೈನ್ ಹಾಕೋರು. ಏನೂ ಆಗ್ಲಿಲ್ಲ ಅಂದ್ರೆ ಆರ್‌ಟಿಐ, 10 ರೂಪಾಯಿ, 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜೀಲಿ ಒಂದೇ ವಿಷಯ. ಆದ್ರೆ ಆರ್‌ಟಿಐ ಹಾಕಿದ ದಿನದಿಂದ ಆ ಆಫೀಸಲ್ಲಿ ಕಾಫಿ ಸಿಗಲ್ಲ, ಅದಕ್ಕೆ ಅದನ್ನ ಕೊನೇಗಿಟ್ಕೊಳ್ಳಿ.

ಆದೇಶ ಬಂದ್ರೆ ಅದರ ಹತ್ತು ಜೆರಾಕ್ಸ್ ಮಾಡ್ಸಿ ಆಶಾ ಕಾರ್ಯಕರ್ತೆಯಿಂದ ಹಿಡಿದು ಆಸ್ಪತ್ರೆ ಮುಖ್ಯ ವೈದ್ಯಾಧಿಕಾರಿವರೆಗೂ ನೀವೇ ಕೊಡಿ. ವಾಟ್ಸಾಪ್‌ನಲ್ಲಿ ಬಂದ ಆದೇಶನ ಯಾರೂ ಓದಿರಲ್ಲ.

ನಮ್ಮ ರೂಮಿನ ಕಥೆ ಏನಾಯ್ತು ಅಂತ ಕೇಳ್ಬಹುದು. ಏಳು ತಿಂಗಳಾಯ್ತು, ರಕ್ಷಾ ಸಮಿತಿ ಸಭೇಲಿ ಒಂದು ಸಾಲಿನ ನಿರ್ಣಯ, ಹಳೇ ಸ್ಟೋರ್ ರೂಮು ಖಾಲಿ ಮಾಡಿ ಕೊಟ್ರು. ಬಾಗಿಲು ಇದೆ, ಚಿಲಕ ಇರ್ಲಿಲ್ಲ. ಮೊದಲನೇ ದಿನ ಒಬ್ಬ ಹುಡುಗಿ ಜೊತೆ ಮಾತಾಡ್ತಾ ನಾನು ಒಂದು ಕಾಲಲ್ಲಿ ಬಾಗಿಲು ಒತ್ತಿ ಹಿಡ್ಕೊಂಡೇ ಕೂತಿದ್ದೆ, ಅವಳು ಅದನ್ನ ನೋಡಿ ನಕ್ಕಿದ್ಮೇಲೇನೇ ಮಾತು ಶುರುವಾಗಿದ್ದು. ಮಧ್ಯಾಹ್ನ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಚಿಲಕ ತಂದು ಹಾಕಿಸಿದೆ, ಬಿಲ್ಲು ಸಮಿತಿಗೆ ಕೊಟ್ಟಿದೀನಿ, ಟಪಾಲ್ ಸೀಲ್ ಹಾಕಿಸ್ಕೊಂಡೇ ಕೊಟ್ಟಿದೀನಿ, ದುಡ್ಡು ಇನ್ನೂ ಬಂದಿಲ್ಲ.